ಮೇ ತಿಂಗಳ ರಜೆ ಮತ್ತು ಟ್ರೌಟ್ ಮೀನಿನ ಲೆಕ್ಕ

ಪ್ರಶ್ನೆ: ನನ್ನ ಊರು ಕುಂದಾಪುರದ ಹತ್ತಿರ. 35 ವರ್ಷದಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ. ಈಗ ನಿವೃತ್ತ, ವಯಸ್ಸು 63. ಚಿಕ್ಕಂದಿನಲ್ಲಿ ಹೊಳೆಯಲ್ಲಿ ಗಾಳ ಹಾಕಿ ಕಾಣೆ, ಕೆಂಬೇರಿ ಹಿಡಿದವನು. ಮಗ ಮತ್ತು 12 ವರ್ಷದ ಮೊಮ್ಮಗನ ಜೊತೆ ಹಿಮಾಲಯದಲ್ಲಿ ಟ್ರೌಟ್ ಹಿಡಿಯುವ ಆಸೆ. ಮೇ ತಿಂಗಳ ಶಾಲೆ ರಜೆಯಲ್ಲಿ 8 ದಿನ ಸಿಗುತ್ತದೆ. ಬೆಟ್ಟದ ಕೆರೆಯಲ್ಲೂ ಹೊಳೆಯಲ್ಲೂ ಹಿಡಿಯಬೇಕು. ಎಲ್ಲಿಗೆ, ಹೇಗೆ ಹೋಗಬೇಕು? ಏನು ಕೊಳ್ಳಬೇಕು? ಅದಕ್ಕೂ ಮೊದಲು ಲೋಣಾವಳ ಕಡೆ ಎಲ್ಲಾದರೂ ಟ್ರೌಟ್ ಇದ್ದರೆ ಅಭ್ಯಾಸ ಮಾಡಬಹುದೇ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಆದರೆ ಮೊದಲ ಸಾಲಿನಲ್ಲೇ ಒಂದು ಬೇಸರದ ಮಾತು ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಕೆರೆ ಮತ್ತು ಹೊಳೆ ಎರಡೂ ಒಂದೇ ಪ್ರವಾಸದಲ್ಲಿ ಆಗುವುದಿಲ್ಲ. ನೀವು ಅಂದುಕೊಂಡಿರುವ ಆ ಬೆಟ್ಟದ ಕೆರೆಗಳು ಕಾಶ್ಮೀರದವು. ಗಂಗಬಲ್, ನುಂದ್ಕೋಲ್, ವಿಷನ್‌ಸರ್, ಕೃಷ್ಣಸರ್. ಎಲ್ಲವೂ 3,500 ಮೀಟರ್‌ಗಿಂತ ಮೇಲೆ. ಮೇ ತಿಂಗಳಲ್ಲಿ ಅಲ್ಲಿ ದಾರಿಯೂ ಹಿಮ, ಕೆರೆಯೂ ಹಿಮ. ಜುಲೈಯಿಂದ ಸುಮಾರು ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ಅಲ್ಲಿಗೆ ಹೋಗುವ ಮಾತು. ಅದೇ ಜುಲೈ, ಆಗಸ್ಟ್‌ನಲ್ಲಿ ಹಿಮಾಚಲದ ಹೊಳೆಗಳು ಮಳೆಗೆ ಕದಡಿ ಹೋಗಿರುತ್ತವೆ. ಕೆರೆ ತೆರೆದಾಗ ಹೊಳೆ ಕೆಟ್ಟಿರುತ್ತದೆ, ಹೊಳೆ ಚೆನ್ನಾಗಿದ್ದಾಗ ಕೆರೆ ಮುಚ್ಚಿರುತ್ತದೆ. ಹಾಗಾಗಿ ಈ ಸಲ ಹೊಳೆ ಮಾತ್ರ ಇಟ್ಟುಕೊಳ್ಳಿ. ಕೆರೆಯ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ನನ್ನ ಮೊದಲ ಟ್ರೌಟ್ ಪ್ರವಾಸ 2009ರ ಜುಲೈಯಲ್ಲಿ. ಆಗ ಪುಣೆಗೆ ಬಂದು ಮೂರು ವರ್ಷ ಆಗಿತ್ತು. ಆಫೀಸಿನಲ್ಲಿ ರಜೆ ಸಿಕ್ಕಿದ್ದು ಜುಲೈಯಲ್ಲಿ, ಹೊರಟೆ, ಅಷ್ಟೇ. ಟಿಕೆಟ್, ರೂಮು, ಗಾಳ, ಬೂಟು ಎಲ್ಲದರ ಲೆಕ್ಕ ಹಾಕಿದ್ದೆ. ನೀರಿನ ಲೆಕ್ಕ ಮಾತ್ರ ಹಾಕಿರಲಿಲ್ಲ. ಹೋಗಿ ನೋಡಿದರೆ ಹೊಳೆ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿ ಬಂಡೆಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಐದು ದಿನ ಕಿಟಕಿ ಪಕ್ಕ ಕೂತು ಪರಾಠಾ ತಿಂದು ವಾಪಸ್ ಬಂದೆ. ಒಂದು ಮೀನಿನ ಬಾಲವೂ ಕಾಣಲಿಲ್ಲ. ಅಲ್ಲಿಂದ ಈಚೆಗೆ ಯಾರು ಕೇಳಿದರೂ ನಾನು ನೀರಿನಿಂದಲೇ ಶುರು ಮಾಡುತ್ತೇನೆ. ಈ ಉತ್ತರದಲ್ಲೂ ಅದೇ ಜಾಸ್ತಿ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಟ್ರೌಟ್ ತಣ್ಣೀರಿನ ಮೀನು. 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಬ್ಬ. 20 ದಾಟಿದರೆ ಸಂಕಟ ಶುರು. ಕಾರಣ ಬಿಸಿ ಒಂದೇ ಅಲ್ಲ, ಉಸಿರು. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ. 10 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ. 25 ಡಿಗ್ರಿಗೆ ಬಂದರೆ ಎಂಟು ಚಿಲ್ಲರೆ. ನಮ್ಮ ರೋಹು, ಕಾಟ್ಲಾ ಅಷ್ಟರಲ್ಲಿ ಆರಾಮವಾಗಿ ಬದುಕುತ್ತವೆ. ಟ್ರೌಟ್ ಬದುಕುವುದಿಲ್ಲ.

ಲೋಣಾವಳದಲ್ಲಿ ಇದೆಯೇ ಅಂತ ಕೇಳಿದ್ದಕ್ಕೆ ಉತ್ತರವೂ ಇದರಲ್ಲೇ ಇದೆ. ಪವನಾ, ಮುಳಶಿ, ಪಾನಶೇತ್, ಯಾವ ಜಲಾಶಯದಲ್ಲೂ ಟ್ರೌಟ್ ಇಲ್ಲ, ಇರಲು ಸಾಧ್ಯವೂ ಇಲ್ಲ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಯೇ 1,646 ಮೀಟರ್. ಸಹ್ಯಾದ್ರಿಯ ಹಳ್ಳಗಳು ಮಳೆಗಾಲದಲ್ಲಿ ಕುಣಿದು ಬೇಸಿಗೆಯಲ್ಲಿ ಬರಿ ಕಲ್ಲಾಗುತ್ತವೆ. ಲೋಣಾವಳದ ವಲವಣದಲ್ಲಿ ಟಾಟಾ ಪವರ್‌ನವರು ದಶಕಗಳಿಂದ ಮಹಶೀರ್ ಮರಿ ಮಾಡಿಸುವ ಕೇಂದ್ರ ನಡೆಸುತ್ತಿದ್ದಾರೆ. ಅದು ಬೇರೆ ಮೀನು, ಬೇರೆ ಕಥೆ. ಯಾರಾದರೂ ‘ಮಾವಳದಲ್ಲಿ ಟ್ರೌಟ್ ಫಿಶಿಂಗ್’ ಅಂತ ಹೇಳಿ ದುಡ್ಡು ಕೇಳಿದರೆ ಕೊಡಬೇಡಿ.

ಹಾಗೆ ನೋಡಿದರೆ ಟ್ರೌಟ್ ಹಿಮಾಲಯದ್ದೂ ಅಲ್ಲ. ಇಂಗ್ಲಿಷರು ತಮ್ಮ ಖುಷಿಗೆ ತಂದು ಬಿಟ್ಟ ಮೀನು. 1860ರ ದಶಕದಲ್ಲಿ ಮೀನು ತಜ್ಞ ಫ್ರಾನ್ಸಿಸ್ ಡೇ ನೀಲಗಿರಿಗೆ ತರಲು ಹೋಗಿ ಸೋತರು. ಕಾಶ್ಮೀರಕ್ಕೆ 1899ರಲ್ಲಿ ಹಡಗಿನಲ್ಲಿ ಬಂದ ಮೊಟ್ಟೆಗಳು ದಾರಿಯಲ್ಲೇ ಸತ್ತವು. ಮರುವರ್ಷ ಸ್ಕಾಟ್ಲೆಂಡ್‌ನಿಂದ ಬಂದವು ಉಳಿದವು. ಅಲ್ಲಿಂದ 1909ರ ಹೊತ್ತಿಗೆ ಹಿಮಾಚಲದ ಕುಲ್ಲುವಿಗೆ ಬಂತು. ಸಿಗುವುದು ಎರಡು ಜಾತಿ. ಒಂದು ಬ್ರೌನ್ ಟ್ರೌಟ್, ಯುರೋಪಿನದು. ಇನ್ನೊಂದು ರೇನ್‌ಬೋ, ಅಮೆರಿಕದ ಪಶ್ಚಿಮ ಕರಾವಳಿಯದು. ಹೋಟೆಲಿನ ತಟ್ಟೆಗೆ ಬರುವುದು ಸಾಮಾನ್ಯವಾಗಿ ಸಾಕಿದ ರೇನ್‌ಬೋ. ಹೊಳೆಯಲ್ಲಿ ನಿಮ್ಮ ಗಾಳಕ್ಕೆ ಬರುವುದು ಬಹುತೇಕ ಬ್ರೌನ್. ಅಲ್ಲಿ ‘ಸ್ನೋ ಟ್ರೌಟ್’ ಅಂತ ಇನ್ನೊಂದು ಮೀನಿನ ಹೆಸರೂ ಕಿವಿಗೆ ಬೀಳುತ್ತದೆ. ಹೆಸರಿಗೆ ಟ್ರೌಟ್, ಜಾತಿಯಲ್ಲಿ ನಮ್ಮ ರೋಹುವಿನ ಬಳಗ. ಆದರೆ ಆ ಹೊಳೆಗಳ ಮೂಲನಿವಾಸಿ ಅದೇ. ಗಾಳಕ್ಕೆ ಬಂದರೆ ಮರ್ಯಾದೆಯಿಂದ ವಾಪಸ್ ಬಿಡಿ.

ನೀಲಗಿರಿ ಹತ್ತಿರ ಅಲ್ವಾ, ಊಟಿಗೇ ಹೋದರೆ ಹೇಗೆ ಅಂತ ನಿಮ್ಮ ಮಗ ಕೇಳಬಹುದು. ಕಳೆದ ಶತಮಾನದ ಮೊದಲ ದಶಕದಲ್ಲೇ ಅವಲಾಂಚಿಯಲ್ಲಿ ಮರಿ ಕೇಂದ್ರ ಆಗಿದ್ದು ನಿಜ. ಆದರೆ ಅಲ್ಲಿಯ ಒಳ್ಳೆಯ ಹಳ್ಳಗಳು ಕಾಡಿನೊಳಗೆ, ಮುಕುರ್ತಿ ರಾಷ್ಟ್ರೀಯ ಉದ್ಯಾನದ ಆಸುಪಾಸಿನಲ್ಲಿವೆ. ಅನುಮತಿಗೆ ಅಲೆದು ರಜೆ ಮುಗಿಯುತ್ತದೆ. ಮಗುವನ್ನು ಕರೆದುಕೊಂಡು ಹೋಗುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಈಗ ತಾರೀಕಿನ ಮಾತು. ಹಿಮಾಚಲದಲ್ಲಿ ಟ್ರೌಟ್ ಹಿಡಿಯುವ ಕಾಲ ಮಾರ್ಚ್‌ನಿಂದ ಅಕ್ಟೋಬರ್. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ನಿಷೇಧ, ಏಕೆಂದರೆ ಆಗ ಬ್ರೌನ್ ಟ್ರೌಟ್ ಜಲ್ಲಿಕಲ್ಲಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ನಮ್ಮ ಮುಂಬೈ, ಪುಣೆಯವರು ಎಡವುವುದು ಇಲ್ಲೇ. ದೀಪಾವಳಿ ರಜೆಗೆ ಅಂತ ಟಿಕೆಟ್ ಮಾಡಿಸುತ್ತಾರೆ. ದೀಪಾವಳಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದೊಳಗೆ ಎಲ್ಲಿ ಬೇಕಾದರೂ ಬೀಳುತ್ತದೆ. ನವೆಂಬರ್‌ನಲ್ಲಿ ಬಿದ್ದರೆ ಹೊಳೆ ಬಂದ್.

ತೆರೆದಿರುವ ಎಂಟು ತಿಂಗಳಲ್ಲಿ ಒಳ್ಳೆಯ ಹೊತ್ತು ಎರಡು. ಒಂದು, ಮಾರ್ಚ್ ಮಧ್ಯದಿಂದ ಏಪ್ರಿಲ್. ಆಗ ಮೇಲಿನ ಹಿಮ ಇನ್ನೂ ಜೋರಾಗಿ ಕರಗಿರುವುದಿಲ್ಲ. ನೀರು ಗಾಜಿನಂತೆ ಇರುತ್ತದೆ. ಇನ್ನೊಂದು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಮಳೆ ನಿಂತು, ಹೊಳೆ ಇಳಿದು, ಮೀನು ಚಳಿಗಾಲಕ್ಕೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳುವ ಹೊತ್ತು. ನನ್ನನ್ನು ಕೇಳಿದರೆ ದಸರಾ ಸಮಯಕ್ಕೆ ಹೋಗಿ. ಕುಲ್ಲು ದಸರಾವನ್ನೂ ನೋಡಿದ ಹಾಗಾಗುತ್ತದೆ. ನಮ್ಮ ದಸರಾ ಮುಗಿಯುವ ದಿನ ಅಲ್ಲಿ ಶುರುವಾಗಿ ಏಳು ದಿನ ನಡೆಯುತ್ತದೆ.

ಆದರೆ ಮೊಮ್ಮಗನಿಗೆ ರಜೆ ಇರುವುದು ಮೇ ತಿಂಗಳಲ್ಲಿ, ಅದು ನನಗೂ ಅರ್ಥವಾಗುತ್ತದೆ. ಮೇ ಕೆಟ್ಟ ತಿಂಗಳಲ್ಲ, ಚೂರು ಜಾಣತನ ಬೇಡುವ ತಿಂಗಳು. ಆಗ ಹೊಳೆ ದಿನಕ್ಕೊಮ್ಮೆ ಉಸಿರಾಡುತ್ತದೆ. ಹಗಲು ಬಿಸಿಲಿಗೆ ಮೇಲೆ ಹಿಮ ಕರಗುತ್ತದೆ. ಆ ನೀರು ಕಣಿವೆಗೆ ಬರಲು ಕೆಲವು ಗಂಟೆ ಬೇಕು. ಮಧ್ಯಾಹ್ನದ ಮೇಲೆ ಹೊಳೆ ಏರುತ್ತದೆ, ಮಬ್ಬಾಗುತ್ತದೆ. ರಾತ್ರಿ ಚಳಿಗೆ ಕರಗುವುದು ನಿಂತು, ಬೆಳಗಿನ ಜಾವ ಮತ್ತೆ ಇಳಿದು ತಿಳಿಯಾಗುತ್ತದೆ. ಅಂದರೆ ಮೇ ತಿಂಗಳಲ್ಲಿ ನಿಮ್ಮ ಕೆಲಸ ಬೆಳಿಗ್ಗೆ ಆರರಿಂದ ಹನ್ನೊಂದು. ಆಮೇಲೆ ಊಟ, ನಿದ್ದೆ, ತಿರುಗಾಟ. ಡೊಂಬಿವಲಿಯಿಂದ 35 ವರ್ಷ ಲೋಕಲ್ ಹಿಡಿದವರಿಗೆ ಬೆಳಿಗ್ಗೆ ಬೇಗ ಏಳುವುದು ನಾನು ಹೇಳಿಕೊಡಬೇಕಾಗಿಲ್ಲ.

ಒಂದು ಸಣ್ಣ ಉಪಾಯ ಇಟ್ಟುಕೊಳ್ಳಿ. ದಡಕ್ಕೆ ಹೋದ ಕೂಡಲೇ ನೀರಿನ ಅಂಚಿಗೆ ಸರಿಯಾಗಿ ಒಂದು ಬಿಳಿ ಕಲ್ಲು ಇಡಿ. ಅರ್ಧ ಗಂಟೆಗೊಮ್ಮೆ ತಿರುಗಿ ನೋಡಿ. ಕಲ್ಲು ಒದ್ದೆಯಾಗಿದ್ದರೆ ಹೊಳೆ ಏರುತ್ತಿದೆ ಅಂತ. ಆಗ ಆಚೆ ದಡದಲ್ಲಿದ್ದರೆ ಈಚೆಗೆ ಬನ್ನಿ. ಇದು ಮೀನಿಗಿಂತ ಮುಖ್ಯ.

ಜಾಗದ ವಿಷಯದಲ್ಲಿ ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಮೊದಲ ಸಲ ಹೋಗುವವರಿಗೆ ತೀರ್ಥನ್ ಕಣಿವೆ. ಕುಲ್ಲು ಜಿಲ್ಲೆಯ ಬಂಜಾರ್ ತಾಲೂಕು. ಹೊಳೆ ಹುಟ್ಟುವುದು ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕಿನ ಒಳಗೆ. 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಾಡು ಅದು. ಮೇಲೆ ಕಾಡು ಚೆನ್ನಾಗಿರುವುದರಿಂದ ಹೊಳೆಯೂ ಚೆನ್ನಾಗಿದೆ. ಹಿಮಾಚಲದಲ್ಲಿ ಹೊಳೆಗೊಂದು ಜಲವಿದ್ಯುತ್ ಯೋಜನೆ ಇರುವಾಗ, ತೀರ್ಥನ್ ಹೊಳೆಗೆ ಕಣಿವೆಯ ಜನ ಹೋರಾಡಿ ಅದನ್ನು ಬರಗೊಡಲಿಲ್ಲ. ಗುಶೈಣಿ, ನಾಗಿಣಿ, ಬಂಜಾರ್, ಈ ಊರುಗಳ ನಡುವೆ ಹೊಳೆ ರಸ್ತೆಯ ಪಕ್ಕದಲ್ಲೇ ಹರಿಯುತ್ತದೆ. 63ರ ಮಂಡಿಗೆ ಅದು ದೊಡ್ಡ ವರ. ಮನೆಯಲ್ಲೇ ಇಳಿಸಿಕೊಳ್ಳುವ ಹೋಂಸ್ಟೇಗಳು ಬೇಕಾದಷ್ಟಿವೆ. ನೀರಿಗೆ ತೀರಾ ಅಂಟಿಕೊಂಡಿರುವುದು ಬೇಡ, ನಾಲ್ಕು ಮೆಟ್ಟಿಲು ಮೇಲಿರುವ ಮನೆ ನೋಡಿ. 2023ರ ಜುಲೈಯಲ್ಲಿ ಕುಲ್ಲು ಜಿಲ್ಲೆಯ ಹೊಳೆಗಳು ಏನು ಮಾಡಿದವು ಅಂತ ಟಿವಿಯಲ್ಲಿ ನೋಡಿರುತ್ತೀರಿ.

ಬರೋಟ್‌ನ ಊಹ್ಲ್ ಹೊಳೆ, ರೋಹ್ಡೂ ಕಡೆಯ ಪಬ್ಬರ್, ಸಾಂಗ್ಲಾದ ಬಸ್ಪಾ, ಎಲ್ಲವೂ ಒಳ್ಳೆಯವೇ. ಎರಡನೇ ಸಲಕ್ಕೆ ಇರಲಿ. ಎಂಟು ದಿನದಲ್ಲಿ ಮೂರು ಕಣಿವೆ ಸುತ್ತಿದರೆ ನೀವು ಹಿಡಿಯುವುದು ಬಸ್ಸು ಮಾತ್ರ.

ದಾರಿ: ಮುಂಬೈಯಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಟ್ಯಾಕ್ಸಿಯಲ್ಲಿ ಒಂದು ಹಗಲು. ರೈಲೇ ಬೇಕೆಂದರೆ ಬಾಂದ್ರಾ ಟರ್ಮಿನಸ್‌ನಿಂದ ಅಮೃತಸರಕ್ಕೆ ಹೋಗುವ ಪಶ್ಚಿಮ್ ಎಕ್ಸ್‌ಪ್ರೆಸ್‌ನಲ್ಲಿ ಅಂಬಾಲಾದಲ್ಲಿ ಇಳಿಯಿರಿ. ನಮ್ಮ ಪುಣೆಯವರಿಗೆ ಝೇಲಂ ಎಕ್ಸ್‌ಪ್ರೆಸ್ ಇದೆ, ಅದೂ ಅಂಬಾಲಾ ಮೇಲೇ ಹೋಗುತ್ತದೆ. ಮಂಡಿ ದಾಟಿ ಮನಾಲಿ ದಾರಿಯಲ್ಲಿ ಔಟ್ ಅನ್ನುವ ಊರಿನ ಹತ್ತಿರ ಸುಮಾರು 3 ಕಿ.ಮೀ. ಉದ್ದದ ಸುರಂಗ ಬರುತ್ತದೆ. ಸುರಂಗದ ಒಳಗೆ ಹೋಗಬೇಡಿ. ಅದರ ಬಾಯಿಯ ಹತ್ತಿರವೇ ಬಲಕ್ಕೆ ಲಾರ್ಜಿ, ಬಂಜಾರ್ ರಸ್ತೆ ತಿರುಗುತ್ತದೆ. ಮನಾಲಿ ಬಸ್ಸಿನಲ್ಲಿ ಹೋದರೆ ಕಂಡಕ್ಟರ್‌ಗೆ ಮೊದಲೇ ಹೇಳಿಟ್ಟಿರಿ. ಇಲ್ಲದಿದ್ದರೆ ಬೆಳಗಿನ ನಿದ್ದೆಯಲ್ಲಿ ಕುಲ್ಲುವಿಗೆ ಹೋಗಿ ಇಳಿಯುತ್ತೀರಿ. ನಾನು ಹಾಗೆ ಇಳಿದವನು.

ಲಾರ್ಜಿ ಅಂದಕೂಡಲೇ ಒಂದು ಮಾತು. ತೀರ್ಥನ್ ಅಲ್ಲಿ ಬಿಯಾಸ್ ನದಿಯನ್ನು ಸೇರುತ್ತದೆ, ಅಲ್ಲೇ ಅಣೆಕಟ್ಟು ಇದೆ. 2014ರ ಜೂನ್ 8ರಂದು ಅಣೆಕಟ್ಟಿನಿಂದ ದಿಢೀರನೆ ಬಿಟ್ಟ ನೀರಿಗೆ ಸಿಕ್ಕಿ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಕೊಂಡು ಹೋದರು. ಫೋಟೋ ತೆಗೆಯಲು ಬಂಡೆಗಳ ಮೇಲೆ ಇಳಿದಿದ್ದವರು. ಅಣೆಕಟ್ಟಿನ ಕೆಳಗಿನ ನೀರಿಗೆ ಎಷ್ಟೇ ಚೆನ್ನಾಗಿ ಕಂಡರೂ ಇಳಿಯಬೇಡಿ. ಮೊಮ್ಮಗನಂತೂ ಮೇ ತಿಂಗಳಲ್ಲಿ ನೀರಿಗೆ ಇಳಿಯುವುದೇ ಬೇಡ, ದಡದಿಂದಲೇ ಹಾಕಲಿ. ನೀವು ಇಳಿದರೂ ಮಂಡಿಯವರೆಗೆ ಸಾಕು. ಆ ನೀರಿನ ಸೆಳವು ಕುಂದಾಪುರದ ಹೊಳೆಯ ಸೆಳವಲ್ಲ. ಕಾಲ ಕೆಳಗೆ ಮರಳೂ ಇಲ್ಲ, ಪಾಚಿ ಹಿಡಿದ ಗುಂಡುಕಲ್ಲು. ಒಂದು ಗಟ್ಟಿ ಊರುಗೋಲು ಇರಲಿ.

ಲೈಸೆನ್ಸ್ ಬೇಕೇ ಬೇಕು. ಹಿಮಾಚಲದ ಮೀನುಗಾರಿಕೆ ಇಲಾಖೆ ಕೊಡುತ್ತದೆ, ದಿನದ ಲೆಕ್ಕದಲ್ಲಿ, ಫೀಸು ಸಣ್ಣದು. ಹೋಂಸ್ಟೇಯವರನ್ನು ಮೊದಲೇ ಕೇಳಿದರೆ ಎಲ್ಲಿ ಮಾಡಿಸಬೇಕು ಅಂತ ಹೇಳುತ್ತಾರೆ. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಅಂತ ಅದರ ಜೊತೆಗೇ ನಿಯಮ ಇರುತ್ತದೆ, ಓದಿ. ಒಂದು ಸಲ ಪ್ರವಾಸ ಏಜೆಂಟ್ ಒಬ್ಬರು ‘ಲೈಸೆನ್ಸ್ ಎಲ್ಲಾ ಪ್ಯಾಕೇಜಿನಲ್ಲೇ ಇದೆ ಸಾರ್’ ಅಂದಿದ್ದರು. ಹೊಳೆ ಹತ್ತಿರ ಗಾರ್ಡ್ ಬಂದು ಕೇಳಿದಾಗ ಕಾಗದವೇ ಇರಲಿಲ್ಲ. ಗಾಳ ಸುತ್ತಿಕೊಂಡು ತಲೆ ತಗ್ಗಿಸಿ ಬಂದೆ. ಹೊಳೆಗೆ ಹೋಗುವ ಮೊದಲೇ ಕಾಗದ ನಿಮ್ಮ ಕೈಯಲ್ಲಿರಲಿ.

ಸಾಮಾನಿನ ವಿಷಯ. ನಿಮ್ಮಲ್ಲಿ ಸಮುದ್ರದ ಗಾಳ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಬಂಡೆ ಮೇಲೆ ನಿಂತು ಕೆಂಬೇರಿ ಎಳೆಯುವ ಕೋಲಿನಲ್ಲಿ ಟ್ರೌಟ್ ಹಿಡಿಯಲು ಹೋದರೆ ಒನಕೆಯಿಂದ ಒಗ್ಗರಣೆ ಮಾಡಿದ ಹಾಗೆ. ನಿಮಗೆ ಬೇಕಾದ್ದು ಆರೂವರೆ, ಏಳು ಅಡಿಯ ಹಗುರ ಕೋಲು, ಅಂಗಡಿಯಲ್ಲಿ ಅಲ್ಟ್ರಾಲೈಟ್ ಅಂತ ಕೇಳಿ. ಮೂರು ನಾಲ್ಕು ತುಂಡಾಗುವುದಾದರೆ ಬ್ಯಾಗಿನಲ್ಲಿ ಹಿಡಿಯುತ್ತದೆ. ದಾರ ಸುತ್ತಲು 1000 ಅಥವಾ 2000 ಸೈಜಿನ ರೀಲ್. ನಾಲ್ಕರಿಂದ ಆರು ಪೌಂಡ್ ಎಳೆತ ತಡೆಯುವ ತೆಳು ದಾರ. ಆ ತಿಳಿನೀರಿನಲ್ಲಿ ದಪ್ಪ ದಾರ ಮೀನಿಗೆ ಹಗ್ಗದ ಹಾಗೆ ಕಾಣುತ್ತದೆ. ಮೂರರಿಂದ ಏಳು ಗ್ರಾಂ ತೂಕದ ಸ್ಪಿನ್ನರ್ ಆರೇಳು. ಸ್ಪಿನ್ನರ್ ಅಂದರೆ ಸಣ್ಣ ಎಲೆಯಂಥ ತಗಡು, ಎಳೆದಾಗ ಗಿರಗಿರ ತಿರುಗಿ ಮಿನುಗುತ್ತದೆ. ಬೆಳ್ಳಿ ಬಣ್ಣದ್ದು, ಹಿತ್ತಾಳೆ ಬಣ್ಣದ್ದು ಎರಡೂ ಇರಲಿ. ಕೆಲವು ಬಂಡೆಗೆ ಸಿಕ್ಕಿ ಹೋಗಿಯೇ ಹೋಗುತ್ತವೆ, ಅದಕ್ಕೆ ಅಳಬೇಡಿ.

ಮೂರು ಮುಳ್ಳಿನ ಗಾಳ ಇದ್ದರೆ ತೆಗೆದು ಒಂಟಿ ಗಾಳ ಹಾಕಿಸಿ. ಅದರ ಕೊಕ್ಕೆಯ ಹಿಂಬದಿಯ ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿ. ಮೀನಿಗೂ ಒಳ್ಳೆಯದು, ಮೊಮ್ಮಗನ ಬೆರಳಿಗೂ ಒಳ್ಳೆಯದು. ಮೂವರಿಗೂ ಟೋಪಿ, ಪೋಲರೈಸ್ಡ್ ಕನ್ನಡಕ. ಆ ಕನ್ನಡಕ ನೀರಿನ ಮೇಲಿನ ಹೊಳಪು ತೆಗೆದು ಒಳಗಿನ ಮೀನು ತೋರಿಸುತ್ತದೆ, ಹಾರಿ ಬರುವ ಗಾಳದಿಂದ ಕಣ್ಣನ್ನೂ ಉಳಿಸುತ್ತದೆ. ಜೊತೆಗೆ ಒಂದು ಅಕ್ವೇರಿಯಂ ಥರ್ಮಾಮೀಟರ್, ಅಗ್ಗಕ್ಕೆ ಸಿಗುತ್ತದೆ. ಗಾಳ, ಇಕ್ಕಳ, ಚಾಕು ಎಲ್ಲವನ್ನೂ ವಿಮಾನದಲ್ಲಿ ಚೆಕ್‌ಇನ್ ಬ್ಯಾಗಿಗೆ ಹಾಕಿ, ಕೈಚೀಲಕ್ಕಲ್ಲ. ಎದೆಮಟ್ಟದ ರಬ್ಬರ್ ಪ್ಯಾಂಟು ಈ ಸಲ ಬೇಡ. ಅದರ ದುಡ್ಡಿನಲ್ಲಿ ಎರಡು ದಿನ ಸ್ಥಳೀಯ ಗೈಡ್ ಒಬ್ಬರನ್ನು ಇಟ್ಟುಕೊಳ್ಳಿ. ಫ್ಲೈ ಫಿಶಿಂಗ್, ಅಂದರೆ ಗರಿ, ನೂಲು ಸುತ್ತಿ ಹುಳದಂತೆ ಮಾಡಿದ ಗಾಳ ಬೀಸಿ ಹಿಡಿಯುವುದು, ಚೆಂದದ ಕಲೆ, ಸಂದೇಹವಿಲ್ಲ. ಆದರೆ ಎಂಟು ದಿನದಲ್ಲಿ ಕಲಿತು ಮೀನೂ ಹಿಡಿಯುತ್ತೇನೆ ಅನ್ನುವುದು ಮದುವೆಯ ದಿನ ಈಜು ಕಲಿತ ಹಾಗೆ.

ಈಗ ನಿಮ್ಮಂಥ ಕರಾವಳಿಯವರಿಗೆ ಕಷ್ಟವಾಗುವ ಮಾತು. ನಮಗೆ ಗಾಳ ಅಂದರೆ ಎರೆಹುಳು ಅಥವಾ ಸೀಗಡಿ ಸಿಕ್ಕಿಸಿ, ಹಾಕಿ, ಬೀಡಿ ಹಚ್ಚಿ ಕೂರುವುದು. ಮೀನು ಬರುತ್ತದೆ, ನಾವು ಕಾಯುತ್ತೇವೆ. ಟ್ರೌಟ್ ಹಾಗಲ್ಲ. ಅದು ತನ್ನ ಜಾಗದಲ್ಲೇ ಇರುತ್ತದೆ, ನೀವೇ ಅದರ ಹತ್ತಿರ ಹೋಗಬೇಕು. ಒಂದು ಮಡುವಿನಲ್ಲಿ ಹತ್ತು ಸಲ ಹಾಕಿ, ಬರಲಿಲ್ಲವೇ, ಮುಂದಿನ ಮಡು.

ಹೊಳೆ ಓದುವುದು ಹೀಗೆ. ಟ್ರೌಟ್ ಯಾವಾಗಲೂ ಸೆಳವಿಗೆ ಮುಖ ಮಾಡಿ ನಿಲ್ಲುತ್ತದೆ. ಊಟ ಮೇಲಿನಿಂದ ತೇಲಿ ಬರುತ್ತದಲ್ಲ. ಆದರೆ ಸೆಳವಿನಲ್ಲೇ ನಿಂತರೆ ಸುಸ್ತಾಗುತ್ತದೆ. ಹಾಗಾಗಿ ವೇಗದ ನೀರಿನ ಪಕ್ಕದ ನಿಧಾನ ನೀರಿನಲ್ಲಿ ನಿಲ್ಲುತ್ತದೆ. ದಾದರ್ ಸೇತುವೆಯ ಮೇಲೆ ಜನ ನುಗ್ಗುವಾಗ ಕಂಬದ ಮರೆಗೆ ಸರಿದು ನಿಂತು ಗೆಳೆಯನಿಗೆ ಕಾಯುತ್ತೀರಲ್ಲ, ಅದೇ. ಗುಶೈಣಿಯ ಕೆಳಗೆ ನಾನು ಪ್ರತಿ ಸಲ ಹೋಗುವ ಒಂದು ಜಾಗ ಇದೆ. ಆಟೋರಿಕ್ಷಾದಷ್ಟು ದೊಡ್ಡ ಬೂದು ಬಂಡೆ. ನೀರು ಅದಕ್ಕೆ ಬಡಿದು ಎರಡಾಗಿ, ಹಿಂದೆ ಮತ್ತೆ ಕೂಡುತ್ತದೆ. ಕೂಡುವ ಜಾಗದಲ್ಲಿ ನೊರೆಯ ಒಂದು ಗೆರೆ. ಗೆರೆಯ ಈಚೆ ನೀರು ಓಡುತ್ತದೆ, ಆಚೆ ನಿಂತ ಹಾಗಿದೆ. ಮೀನು ಇರುವುದು ಆ ಗೆರೆಯ ಮೇಲೆ. ಬಂಡೆಯ ಹಿಂದೆ ಮಾತ್ರ ಅಲ್ಲ, ಮುಂದೆಯೂ ನೀರು ತಡೆದು ಮೆತ್ತಗಾಗುವ ಒಂದು ಸಣ್ಣ ತಲೆದಿಂಬಿನಷ್ಟು ಜಾಗ ಇರುತ್ತದೆ. ದೊಡ್ಡದು ಎಷ್ಟೋ ಸಲ ಅಲ್ಲೇ.

ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಆಗ ನೀವು ಮೀನಿನ ಬೆನ್ನ ಹಿಂದೆ ಇರುತ್ತೀರಿ. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು. ದಪದಪ ಹೆಜ್ಜೆ ಬೇಡ, ಕಲ್ಲಿನ ಸದ್ದು ನೀರಿನೊಳಗೆ ಚೆನ್ನಾಗಿ ಕೇಳುತ್ತದೆ. ಸ್ಪಿನ್ನರ್ ಅನ್ನು ಬಂಡೆಯ ಆಚೆ, ಚೂರು ಮೇಲಕ್ಕೆ ಹಾಕಿ. ಬಿದ್ದ ಕೂಡಲೇ ಸುತ್ತಲು ಶುರು ಮಾಡಿ, ನೀರಿನ ಓಟಕ್ಕಿಂತ ಸ್ವಲ್ಪವೇ ಜಾಸ್ತಿ ವೇಗದಲ್ಲಿ. ಕೋಲಿನ ತುದಿಯಲ್ಲಿ ಜೇನ್ನೊಣದಂತೆ ಒಂದು ಸಣ್ಣ ಗುಂಯ್ ಅನ್ನುವ ನಡುಕ ಬರುತ್ತದೆ. ಅದು ತಗಡು ತಿರುಗುತ್ತಿರುವ ಗುರುತು. ನಡುಕ ಇದ್ದಕ್ಕಿದ್ದಂತೆ ನಿಂತರೆ, ಬಂಡೆ ಅಂದುಕೊಂಡು ಬೈಯಬೇಡಿ. ಕೋಲು ಎತ್ತಿ.

ಮೀನು ಬಂತು ಅಂದುಕೊಳ್ಳಿ. ಮೊದಲು ಕೈ ನೀರಿನಲ್ಲಿ ಅದ್ದಿ. ಒಣ ಕೈಯಲ್ಲಿ ಹಿಡಿದರೆ ಮೈ ಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಬೂಸು ಹಿಡಿದು ಸಾಯುತ್ತದೆ. ನೀರಿನೊಳಗೇ ಇಟ್ಟು ಗಾಳ ಬಿಡಿಸಿ. ಆಗ ಒಂದು ಕ್ಷಣ ಅದನ್ನು ನೋಡಿ. ಬೆಣ್ಣೆ ಬಣ್ಣದ ಹೊಟ್ಟೆ, ಜೇನು ಬಣ್ಣದ ಪಕ್ಕೆ, ಅದರ ಮೇಲೆ ಕಪ್ಪು ಚುಕ್ಕೆ. ನಡುನಡುವೆ ಕೆಂಪು ಚುಕ್ಕೆಗಳು, ಒಂದೊಂದರ ಸುತ್ತ ತಿಳಿ ಬಿಳುಪಿನ ಉಂಗುರ. ಅರಿಶಿನ ಬಳಿದ ಹೊಸ್ತಿಲ ಮೇಲೆ ಕುಂಕುಮ ಇಟ್ಟ ಹಾಗೆ. ಫೋಟೋ ಬೇಕೇ ಬೇಕು ಅಂದರೆ ಮಗ ಮೊಬೈಲ್ ಹಿಡಿದು ರೆಡಿ ಆದ ಮೇಲೆ ಎತ್ತಿ, ನೀವು ಉಸಿರು ಬಿಗಿಹಿಡಿಯುವಷ್ಟು ಹೊತ್ತು ಮಾತ್ರ. ಬಿಡುವಾಗ ಎಸೆಯಬೇಡಿ. ಸೆಳವಿಗೆ ಮುಖ ಮಾಡಿ ಹಿಡಿದಿರಿ, ಬಾಲ ಬೀಸಿ ತಾನೇ ಹೋಗುತ್ತದೆ. ಥರ್ಮಾಮೀಟರ್ 20ರ ಹತ್ತಿರ ತೋರಿಸಿದರೆ ಆ ದಿನ ಹಿಡಿಯುವುದೇ ಬೇಡ, ಬಿಟ್ಟ ಮೀನೂ ಉಳಿಯುವುದಿಲ್ಲ. ಮೇ ತಿಂಗಳ ಬೆಳಿಗ್ಗೆ ಆ ಪ್ರಶ್ನೆ ಬರುವುದಿಲ್ಲ, ಹಿಮದ ನೀರು ನಿಮ್ಮ ಕಾಲಿನ ಮೂಳೆಗೇ ತಾಗುವಷ್ಟು ತಣ್ಣಗಿರುತ್ತದೆ.

ತಿನ್ನುವ ವಿಷಯ ನೀವು ಕೇಳಿಲ್ಲ, ಆದರೆ ಕುಂದಾಪುರದವರು ಅದನ್ನು ಯೋಚಿಸದೆ ಇರುತ್ತೀರಿ ಅಂತ ನಾನು ನಂಬುವುದಿಲ್ಲ. ಆ ಕಡೆ ಸಾಕಣೆ ಕೊಳಗಳು ಹಲವಾರಿವೆ. ಅಲ್ಲಿಯ ಮೀನು ಹೋಂಸ್ಟೇಯಲ್ಲಿ ಮಾಡಿಕೊಡುತ್ತಾರೆ. ಹೊಳೆಯ ಮೀನನ್ನು ಬಿಟ್ಟು, ಕೊಳದ ಮೀನನ್ನು ತಿನ್ನಿ, ಲೆಕ್ಕ ಸರಿಹೋಗುತ್ತದೆ. ರುಚಿ ಬಗ್ಗೆ ಮಾತ್ರ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕಾಣೆ ಫ್ರೈ ತಿಂದ ನಾಲಿಗೆಗೆ ಟ್ರೌಟ್ ಚೂರು ಸಪ್ಪೆ. ನಾನು ಒಂದು ಡಬ್ಬಿ ಮಸಾಲೆ ಕಟ್ಟಿಕೊಂಡು ಹೋಗುತ್ತೇನೆ. ಹೋದ ಸಲ ಮನೆಯ ಅಜ್ಜಿ ಒಂದು ಚೂರು ಬಾಯಿಗಿಟ್ಟು ಎರಡು ಲೋಟ ನೀರು ಕುಡಿದರು, ಆಮೇಲೆ ಆ ಡಬ್ಬಿಯನ್ನು ಅಲ್ಲೇ ಇಡಿಸಿಕೊಂಡರು.

ಕೆರೆಯ ಆಸೆ ಇದ್ದರೆ ಮುಂದಿನ ವರ್ಷದ ಆಗಸ್ಟ್ ಕೊನೆ ನೋಡಿ. ವಿಷನ್‌ಸರ್, ಗಡಸರ್ ದಾರಿಯ ಪೂರ್ತಿ ಚಾರಣ ಏಳೆಂಟು ದಿನದ್ದು, 4,000 ಮೀಟರ್ ಮೇಲಿನ ಕಣಿವೆ ದಾರಿ ದಾಟಬೇಕು. ನಿಮಗೆ ನಾನು ಅದನ್ನು ಹೇಳುವುದಿಲ್ಲ. ನಾರಾನಾಗ್‌ನಿಂದ ಗಂಗಬಲ್, ನುಂದ್ಕೋಲ್‌ಗೆ ಮಾತ್ರ ಹೋಗಿ ಬರಬಹುದು. ಹರಮುಖ್ ಶಿಖರದ ಬುಡದಲ್ಲಿ ಅವಳಿ ಕೆರೆ, ಎರಡರಲ್ಲೂ ಟ್ರೌಟ್ ಇದೆ. ಆದರೆ ಆ ಏರು ತಮಾಷೆಯಲ್ಲ. ಸುಮಾರು 1,400 ಮೀಟರ್ ಹತ್ತಬೇಕು. ಅದನ್ನು ಎರಡು ದಿನ ಮಾಡಿ, ಸಾಮಾನಿಗೆ ಕುದುರೆ ಮಾಡಿಕೊಳ್ಳಿ, ಬಿಪಿ ಇದ್ದರೆ ಡಾಕ್ಟರನ್ನು ಮೊದಲೇ ಕೇಳಿ. ಕಾಶ್ಮೀರದಲ್ಲಿ ಪರ್ಮಿಟ್ ಬೇರೆ, ನಿಯಮವೂ ಬೇರೆ. ಹೊಳೆಗಳನ್ನು ಬೀಟ್ ಅಂತ ಭಾಗ ಮಾಡಿ ಹಂಚುತ್ತಾರೆ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಅಲ್ಲಿ ಹಲವು ತಾಣಗಳನ್ನು ಮುಚ್ಚಿ, ಆಮೇಲೆ ಒಂದೊಂದಾಗಿ ತೆರೆಯುತ್ತಾ ಬಂದಿದ್ದಾರೆ. ಟಿಕೆಟ್ ಮಾಡಿಸುವ ಮೊದಲು ಯಾವುದು ತೆರೆದಿದೆ ಅಂತ ವಿಚಾರಿಸಿ.

ಇನ್ನು ಅಭ್ಯಾಸ. ಅದಕ್ಕೆ ಲೋಣಾವಳವೂ ಬೇಡ, ಮೀನೂ ಬೇಡ. ನಿಮ್ಮ ಬಿಲ್ಡಿಂಗ್ ಟೆರೇಸು ಸಾಕು. ಗಾಳ ತೆಗೆದು ದಾರದ ತುದಿಗೆ ಐದು ಗ್ರಾಂ ತೂಕದ ನಟ್ಟು ಕಟ್ಟಿ. ಹದಿನೈದು ಹೆಜ್ಜೆ ದೂರದಲ್ಲಿ ಒಂದು ಬಕೆಟ್ ಇಡಿ. ಬಲದಿಂದ ಎಸೆಯಬೇಡಿ, ಕೋಲು ಬಾಗಿ ತಾನೇ ಎಸೆಯಲಿ. ದಿನಾ ಸಂಜೆ ಇಪ್ಪತ್ತು ನಿಮಿಷ, ಮೂವರೂ. ಹತ್ತರಲ್ಲಿ ಐದು ಬಕೆಟ್ಟಿಗೆ ಬೀಳುವ ಹೊತ್ತಿಗೆ ನೀವು ತಯಾರು. ನನ್ನ ಅನುಭವದಲ್ಲಿ ಮೊದಲು ಮಕ್ಕಳಿಗೇ ಬರುತ್ತದೆ, ಅದಕ್ಕೂ ತಯಾರಾಗಿರಿ. ಶುರು ಮಾಡುವ ಮೊದಲು ಟೆರೇಸಿನಲ್ಲಿ ಯಾರದ್ದಾದರೂ ಬಟ್ಟೆ ಒಣಗಿದೆಯಾ ನೋಡಿ. ನಮ್ಮ ಸೊಸೈಟಿಯಲ್ಲಿ ನಾನು ಮೊದಲು ಹಿಡಿದದ್ದು ಸೆಕ್ರೆಟರಿಯವರ ಪಂಚೆ.